ಒಂದು ಮಾತಿನ ಬೆಲೆ



ಪಾಲಾರ್ ಎಂದೊಡನೆ ಹೊರಗಿನವರಿಗೆ ನೆನಪಾಗುವುದು 1993ರ ಏಪ್ರಿಲ್ 9ರ ನೆಲಬಾಂಬ್ ಸ್ಫೋಟ. ವೀರಪ್ಪನ್ ತಂಡದ ಆ ಕೃತ್ಯಕ್ಕೆ 22 ಮಂದಿ ಬಲಿಯಾದರು. ಅಂದು ಶುಭ ಶುಕ್ರವಾರ; ಸುಳ್ಳುಸಾಕ್ಷಿಗಳ ಮಾತಿನಿಂದ ಯೇಸುಸ್ವಾಮಿ ಅಪರಾಧಿಯಾಗಿ ನಿಂತುದನ್ನು ನಾವು ಧ್ಯಾನಿಸುವ ದಿನ.

ಆ ವರ್ಷಗಳಲ್ಲಿ ಹನೂರು, ಮಾರ್ಟಳ್ಳಿ ಸೀಮೆಯ ಹಳ್ಳಿಗಳನ್ನು ಸುಟ್ಟದ್ದು ಮದ್ದುಗುಂಡು ಮಾತ್ರವಲ್ಲ. "ಅವನು ಪೊಲೀಸರಿಗೆ ಸುದ್ದಿ ಕೊಡುತ್ತಾನೆ" ಎಂಬ ಮಾತು ಕಾಡು ಮುಟ್ಟಿದರೆ ಒಬ್ಬನ ಜೀವ ಹೋಗಬಹುದಿತ್ತು. "ಅವನು ಕಾಡಿಗೆ ಅಕ್ಕಿ ಸಾಗಿಸುತ್ತಾನೆ" ಎಂಬ ಮಾತು ಪೊಲೀಸರನ್ನು ಮುಟ್ಟಿದರೆ ಸೆರೆಮನೆ. ನೂರಕ್ಕೂ ಹೆಚ್ಚು ಜನರ ಮೇಲೆ ಟಾಡಾ ಮೊಕದ್ದಮೆ ನಡೆಯಿತು. ಅನೇಕರು ವರ್ಷಗಟ್ಟಲೆ ಸೆರೆಯಲ್ಲಿದ್ದರು. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ಅವರಲ್ಲಿ ಬಹುಪಾಲು ಜನರನ್ನು ಬಿಡುಗಡೆ ಮಾಡಿತು. ಎಲ್ಲವೂ ಚಾಡಿಯಿಂದಲೇ ಆಯಿತೆಂದು ಹೇಳಲಾಗದು. ಆದರೆ ನೆರೆಯವನ ಬಾಯಿಗೆ ಹೆದರಿ ಬದುಕುವುದೆಂದರೇನೆಂದು ಇಲ್ಲಿನ ಹಿರಿಯರಿಗೆ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡು ಉರಿದುದನ್ನು ಕಂಡವರಿಗೆ, ನಾಲಿಗೆಯನ್ನು ಕಿಡಿಗೆ ಹೋಲಿಸುವ ಯಕೋಬರ ಪತ್ರದ ಮೂರನೆಯ ಅಧ್ಯಾಯವನ್ನು ಬಿಡಿಸಿ ಹೇಳಬೇಕಿಲ್ಲ.

2004ರಲ್ಲಿ ವೀರಪ್ಪನ್ ಸತ್ತ. ಚಾಡಿ ಸಾಯಲಿಲ್ಲ.

ಎಂಟನೆಯ ಆಜ್ಞೆ ಕೋರ್ಟು ಕಚೇರಿಗೆ ಸಂಬಂಧಿಸಿದ್ದೆಂದು ನಾವು ಸುಮ್ಮನಿದ್ದುಬಿಡುತ್ತೇವೆ. ಕಥೋಲಿಕ ಶ್ರೀಸಭೆಯ ಧರ್ಮೋಪದೇಶ ಗ್ರಂಥ (2477) ಅದರಡಿ ಮೂರು ತಪ್ಪುಗಳನ್ನು ಹೆಸರಿಸುತ್ತದೆ. ಆಧಾರವಿಲ್ಲದೆ ಒಬ್ಬರನ್ನು ತಪ್ಪಿತಸ್ಥರೆಂದು ಮನಸ್ಸಿನಲ್ಲೇ ತೀರ್ಮಾನಿಸುವುದು ಒಂದು. ಸುಳ್ಳು ಅಪವಾದ ಹೊರಿಸುವುದು ಮತ್ತೊಂದು. ಇವೆರಡನ್ನೂ ಪಾಪವೆಂದು ಎಲ್ಲರೂ ಒಪ್ಪುತ್ತಾರೆ. ನಾವು ಎಡವುವುದು ಇನ್ನೊಂದರಲ್ಲಿ: ತಕ್ಕ ಕಾರಣವಿಲ್ಲದೆ ಮತ್ತೊಬ್ಬರ ನಿಜವಾದ ತಪ್ಪನ್ನೇ ತಿಳಿಯದವರ ಮುಂದೆ ಬಿಚ್ಚಿಡುವುದು. "ನಾನೇನು ಸುಳ್ಳು ಹೇಳಿದೆನೇ ಅಕ್ಕಾ, ಇದ್ದದ್ದೇ ಹೇಳಿದೆ" ಎನ್ನುತ್ತೇವೆ. ಪಕ್ಕದ ಮನೆಯ ಹುಡುಗ ಕುಡಿಯುವುದು ನಿಜವಿರಬಹುದು, ಸಂಘದ ಸಾಲದ ಕಂತು ಒಬ್ಬಾಕೆ ಕಟ್ಟದಿರುವುದೂ ನಿಜವಿರಬಹುದು. ಆದರೆ ಬಲಿಪೂಜೆ ಮುಗಿದು ಚರ್ಚಿನ ಅಂಗಳದಲ್ಲಿ ಅದನ್ನು ಕೇಳಿಸಿಕೊಂಡವರಲ್ಲಿ ಯಾರು ಆ ಹುಡುಗನ ಕುಡಿತ ಬಿಡಿಸಿದರು? ಸಹೋದರ ತಪ್ಪು ಮಾಡಿದರೆ ಮೊದಲು ಅವನೊಬ್ಬನ ಬಳಿಗೇ ಹೋಗಿ ಹೇಳಿರೆಂದು ಪ್ರಭು ಕಲಿಸಿದರು (ಮತ್ತಾಯ 18). ನಾವು ಅವನೊಬ್ಬನನ್ನು ಬಿಟ್ಟು ಉಳಿದೆಲ್ಲರ ಬಳಿಗೆ ಹೋಗುತ್ತೇವೆ!

ಈಗ ಕಾಲ್ನಡಿಗೆಯೂ ಬೇಡ, ಬೆರಳು ಸಾಕು. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪರವೂರಿನವರನ್ನು ಮಕ್ಕಳ ಕಳ್ಳರೆಂದು ವಾಟ್ಸಾಪ್‌ನಲ್ಲಿ ಹಬ್ಬಿಸಿ, ಜನ ಅವರಲ್ಲೊಬ್ಬನನ್ನು ಹೊಡೆದು ಕೊಂದರು. ಸಂದೇಶ ಮುಂದೆ ಕಳುಹಿಸಿದವರಲ್ಲಿ ಎಷ್ಟೋ ಜನ ಕಲ್ಲು ಎತ್ತಿರಲಿಕ್ಕಿಲ್ಲ.

ಪಾಪನಿವೇದನೆಯಲ್ಲಿ "ಚಾಡಿ ಹೇಳಿದೆ" ಎಂದು ಹೇಳಿ ಎದ್ದುಬಂದರೆ ಲೆಕ್ಕ ತೀರುವುದಿಲ್ಲ. ಕದ್ದ ವಸ್ತುವಿನಂತೆಯೇ ಕೆಡಿಸಿದ ಹೆಸರನ್ನೂ ಹಿಂದಿರುಗಿಸಬೇಕೆಂದು ಶ್ರೀಸಭೆ ಕಲಿಸುತ್ತದೆ (2487). ಯಾರ ಯಾರ ಕಿವಿಗೆ ಹಾಕಿದೆವೋ ಅವರ ಮನೆಗೇ ಹೋಗಬೇಕು. ಸುಳ್ಳಾಗಿದ್ದರೆ ಸುಳ್ಳೆನ್ನಬೇಕು. ನಿಜವಾಗಿದ್ದರೆ ಇನ್ನೂ ಕಷ್ಟ. ಅದನ್ನು ಸುಳ್ಳೆನ್ನುವಂತಿಲ್ಲ, ಹೇಳಬಾರದಿತ್ತೆಂದು ಒಪ್ಪಿಕೊಂಡು, ಅದೇ ವ್ಯಕ್ತಿಯಲ್ಲಿ ಕಂಡ ಒಳ್ಳೆಯದನ್ನು ಹೇಳಬೇಕು.

ಹಾಗಾದರೆ ಸಂಬಂಧ ವಿಚಾರಿಸಲು ಬಂದವರಿಗೆ ಏನು ಹೇಳುವುದು ಎಂದು ಕೆಲವರು ಕೇಳುತ್ತಾರೆ. ಹುಡುಗನಿಗೆ ಆಗಲೇ ಒಂದು ಮದುವೆಯಾಗಿದ್ದರೆ ಮುಚ್ಚಿಡುವುದು ತಪ್ಪು. ಒಂದು ಹೆಣ್ಣಿನ ಬಾಳು ಅಲ್ಲಿದೆ. ಆದರೆ ಅವನ ಅಜ್ಜಿ ಯಾರೊಡನೆ ಜಗಳವಾಡಿದ್ದಳೆಂದು ಅವರು ಕೇಳಿಲ್ಲ. ಅಂಥವರಿಗೆ ಕಾಫಿ ಕೊಟ್ಟು ಕಳುಹಿಸಿದರೆ ಸಾಕು.