ಹುಲ್ಲುಹಾಸೂ ಮಳೆಯ ನಕ್ಷತ್ರಗಳೂ

ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಗೆ ಮಹಾಲಕ್ಷ್ಮಿಯ ದರ್ಶನಕ್ಕೆಂದು ಹೋದವರು ಸಮೀಪದ ತೀತಾ ಜಲಾಶಯವನ್ನೂ ನೋಡಿ ಬರುವುದುಂಟು. ಬೇಸಗೆಯಲ್ಲಿ ಆ ಕಡೆಯ ಹೊಲದ ಬದುಗಳ ಮೇಲೆ ಒಣಗಿ ಬೂದುಬಣ್ಣಕ್ಕೆ ತಿರುಗಿದ ಹುಲ್ಲನ್ನು ಕಂಡು, ಅದು ಸತ್ತಿತೆಂದು ನಾವು ತಿಳಿದರೆ ತಪ್ಪಾದೀತು. ಒಂದೆರಡು ಒಳ್ಳೆಯ ಮಳೆ ಬಿದ್ದರೆ ಕೆಲವೇ ದಿನಗಳಲ್ಲಿ ಬದುವೆಲ್ಲ ಹಸುರಾಗುತ್ತದೆ. ಇದು ಗಣಪತಿಯ ಪೂಜೆಗೆ ನಾವು ಕೊಯ್ದು ತರುವ ಗರಿಕೆಯೇ. ನೆಲದ ಮೇಲೆ ಹರಿದಾಡುವ ಕಾಂಡವಲ್ಲದೆ ನೆಲದೊಳಗೂ ಇದಕ್ಕೆ ಕಾಂಡಗಳುಂಟು. ಬರಗಾಲದಲ್ಲಿ ಜೀವವು ಅಲ್ಲಿ ಅಡಗಿರುತ್ತದೆ.

ಶಾಲೆಯ ಅಂಗಳದಲ್ಲಿ ಹುಲ್ಲುಹಾಸು ಬೇಕೆಂದು ಬಯಸುವವರಿಗೆ ಇದೊಂದು ದೊಡ್ಡ ಪಾಠ. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಈ ನಾಲ್ಕೂ ಮಳೆ ಕಡಮೆಯಾದ ಸೀಮೆಗಳು. ಇಲ್ಲಿ ವರ್ಷವಿಡೀ ಹಸುರಾಗಿರುವ ಹಾಸನ್ನು ಸಾಕಬೇಕಾದರೆ ಕುಡಿಯುವ ನೀರನ್ನೇ ಅದಕ್ಕೆ ಎರೆಯಬೇಕಾದೀತು. ಗರಿಕೆಯ ಹಾಸನ್ನು ಮಳೆಯ ಲೆಕ್ಕಕ್ಕೆ ಬಿಟ್ಟುಕೊಟ್ಟರೆ ಈ ಅನ್ಯಾಯವಿಲ್ಲ. ಆದರೆ ಮಳೆ ಹುಲ್ಲನ್ನು ಮಾತ್ರ ಎಬ್ಬಿಸುವುದಿಲ್ಲ, ಅದರ ಶತ್ರುಗಳನ್ನೂ ಎಬ್ಬಿಸುತ್ತದೆ. ಪ್ರತಿಯೊಂದು ಶತ್ರುವಿಗೂ ಬದುಕಿನಲ್ಲಿ ಒಂದು ದುರ್ಬಲ ಗಳಿಗೆಯುಂಟು. ಅದನ್ನು ಅರಿತರೆ ಅಲ್ಪ ಶ್ರಮ ಸಾಕು.

ನಮ್ಮ ರೈತರು ಕಾಲವನ್ನು ಮಳೆಯ ನಕ್ಷತ್ರಗಳಿಂದ ಅಳೆಯುವರು. ಸೂರ್ಯನು ಇಪ್ಪತ್ತೇಳು ನಕ್ಷತ್ರಗಳಲ್ಲಿ ಒಂದೊಂದರಲ್ಲೂ ಹದಿಮೂರು ಹದಿನಾಲ್ಕು ದಿನ ಇರುವನೆಂಬುದೇ ಈ ಲೆಕ್ಕದ ಮೂಲ. ನಕ್ಷತ್ರವು ಮಳೆಯನ್ನು ತರುವುದಿಲ್ಲ, ಕಾಲವನ್ನು ಮಾತ್ರ ತಿಳಿಸುತ್ತದೆ. ನಾವೂ ಅದೇ ಕ್ರಮದಲ್ಲಿ ನೋಡೋಣ.

ಏಪ್ರಿಲ್ ಕೊನೆಗೆ ಭರಣಿ, ಮೇ ತಿಂಗಳಲ್ಲಿ ಕೃತ್ತಿಕೆ. ಮೊದಲ ಜೋರು ಮಳೆಯಾದ ಸಂಜೆ ಕಂದುಬಣ್ಣದ ದುಂಬಿಗಳು ನೆಲದಿಂದೆದ್ದು ಬೇವು, ಜಾಲಿ ಮೊದಲಾದ ಮರಗಳ ಎಲೆಗೆ ಮುತ್ತುತ್ತವೆ. ಇವು ಗೊಣ್ಣೆಹುಳುವಿನ ತಾಯಿತಂದೆಗಳು. ಇವು ಮಣ್ಣಿನಲ್ಲಿಟ್ಟ ಮೊಟ್ಟೆಗಳಿಂದ ಹೊರಟ ಬಿಳಿಯ ಹುಳುಗಳು ಮಳೆಗಾಲವೆಲ್ಲ ಬೇರನ್ನು ತಿನ್ನುತ್ತವೆ. ಹಾಸಿನಲ್ಲಿ ಅಲ್ಲಲ್ಲಿ ಹಳದಿ ಕಲೆಗಳೆದ್ದು, ಎಳೆದರೆ ಹುಲ್ಲು ಚಾಪೆಯಂತೆ ಸುಲಿದು ಬರುವುದು. ಆಗ ಹುಳುವನ್ನು ಹುಡುಕುವುದು ಕಷ್ಟ. ದುಂಬಿ ಎದ್ದ ಸಂಜೆಗಳಲ್ಲಿ ಕೊಂಬೆಗಳನ್ನು ಅಲುಗಿಸಿ, ಬಿದ್ದವುಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕುವುದು ಸುಲಭ. ಹುಳುಗಳನ್ನು ಕರೆತರುವ ಹಸಿ ಗೊಬ್ಬರವನ್ನು ಹಾಸಿಗೆ ಹಾಕಬಾರದು. ಚೆನ್ನಾಗಿ ಕೊಳೆತುದನ್ನೇ ಹಾಕಬೇಕು.

ಜೂನ್ ತಿಂಗಳ ಮೃಗಶಿರ, ಆರಿದ್ರದ ವೇಳೆಗೆ ಪಾರ್ಥೇನಿಯಂ ಮೊಳೆತಿರುತ್ತದೆ. ಅಮೆರಿಕದ ಉಷ್ಣವಲಯದಿಂದ ಬಂದ ಈ ಕಳೆ ಭಾರತದಲ್ಲಿ 1950ರ ದಶಕದ ಮಧ್ಯದಲ್ಲಿ ಪುಣೆಯ ಬಳಿ ಜನರ ಗಮನಕ್ಕೆ ಬಂದಿತು. ಒಂದು ಗಿಡ ಸಾವಿರಾರು ಬೀಜಗಳನ್ನು ಉದುರಿಸಬಲ್ಲುದು. ಇದರ ಸಂಪರ್ಕದಿಂದ ಕೆಲವರಿಗೆ ಚರ್ಮದ ತುರಿಕೆಯೂ ಉಬ್ಬಸವೂ ಬರುತ್ತವೆ. ಮೊಳೆತ ನಾಲ್ಕಾರು ವಾರಗಳಲ್ಲಿಯೇ ಇದು ಹೂ ಬಿಡುವುದರಿಂದ, ಅದಕ್ಕೆ ಮುಂಚೆ, ಮಣ್ಣು ತೇವವಾಗಿರುವಾಗ, ಕೈಗವಸು ತೊಟ್ಟು ಬೇರುಸಹಿತ ಕೀಳಬೇಕು. ಇದರ ಎಲೆಯನ್ನು ತಿನ್ನುವ ಮೆಕ್ಸಿಕೋ ಮೂಲದ ಒಂದು ಪುಟ್ಟ ದುಂಬಿಯನ್ನು ವಿಜ್ಞಾನಿಗಳು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಅದು ನೆಲೆಯೂರಿ ಹಬ್ಬಿದೆ. ಬೇಸಗೆಯಲ್ಲಿ ಮಣ್ಣಿನೊಳಗಿದ್ದು ಮಳೆಗೆ ಹೊರಬರುವ ಈ ದುಂಬಿಗಳ ಸಂಖ್ಯೆ ಹೆಚ್ಚುವಷ್ಟರಲ್ಲಿ ಮೊದಲ ಗಿಡಗಳು ಹೂ ಬಿಟ್ಟಿರಬಹುದು. ಆದುದರಿಂದ ನಮ್ಮ ಕೈಗೆಲಸ ತಪ್ಪದು.

ಜೇಕಿನ ಸ್ವಭಾವ ಬೇರೆ. ನೋಡಲು ಹುಲ್ಲಿನಂತಿದ್ದರೂ ಹೂವಿನ ದಂಟನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಮೂಲೆಗಳು ತಿಳಿಯುತ್ತವೆ. ನೆಲದೊಳಗೆ ಇದರ ಗಡ್ಡೆಗಳು ಸರಪಣಿಯಂತೆ ಹೆಣೆದುಕೊಂಡಿರುತ್ತವೆ. ಮೇಲಿನ ಎಲೆಯನ್ನು ಕಿತ್ತರೆ ಗಡ್ಡೆ ಮತ್ತೆ ಚಿಗುರುವುದು. ಹೊಸ ಗಡ್ಡೆ ಕಟ್ಟುವ ಮೊದಲೇ, ಅಂದರೆ ಮೊಳಕೆ ಕಂಡ ಎರಡು ಮೂರು ವಾರಗಳೊಳಗೆ, ಹಳೆಯ ಗಡ್ಡೆಸಹಿತ ಅಗೆದು ತೆಗೆಯಬೇಕು. ಮತ್ತೆ ಮತ್ತೆ ತೆಗೆಯಬೇಕು.

ಈ ಸೀಮೆಯ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ, ಉತ್ತರೆ, ಹಸ್ತ, ಚಿತ್ತೆಗಳಲ್ಲಿ ಬರುತ್ತದೆ. ಆಗ ಹಾಸು ಭರದಿಂದ ಬೆಳೆಯುವುದು. ಒಂದೇ ಸಲಕ್ಕೆ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಎಲೆ ಕಡಮೆಯಾದರೆ ಬೇರಿಗೆ ಆಹಾರ ಸಾಲದು. ಕತ್ತರಿಸಿದ ಚೂರುಗಳನ್ನು ಅಲ್ಲಿಯೇ ಬಿಟ್ಟರೆ ಅವುಗಳಲ್ಲಿರುವ ಸಾರಜನಕ ಮಣ್ಣಿಗೆ ಮರಳುತ್ತದೆ. ಹಾಸು ದಟ್ಟವಾಗಿದ್ದರೆ ಕಳೆಯ ಬೀಜಕ್ಕೆ ಬೆಳಕು ಸಿಕ್ಕುವುದಿಲ್ಲ. ಮರದ ನೆರಳಿನಲ್ಲಿ ಮಾತ್ರ ಗರಿಕೆಯನ್ನು ಬೆಳೆಸಹೊರಡುವುದು ವ್ಯರ್ಥ. ಅದು ಬಿಸಿಲಿನ ಹುಲ್ಲು.

ಮಳೆ ನಿಂತಮೇಲೆ ಹಾಸು ಮಂಕಾದರೆ ಗಾಬರಿಪಡಬೇಕಾಗಿಲ್ಲ; ನಿದ್ರಿಸಲು ಬಿಡಿರಿ. ಇರುವ ನೀರನ್ನು ಹೊಸದಾಗಿ ನೆಟ್ಟ ಗಿಡಗಳ ಬುಡಕ್ಕೆ ಕೊಟ್ಟು, ತರಗೆಲೆಯನ್ನು ಹೊದಿಸಿರಿ. ಬೇಸಗೆಯಲ್ಲಿ ದಾಸವಾಳದ ಚಿಗುರಿಗೆ ಹತ್ತಿಯಂತೆ ಅಂಟಿಕೊಳ್ಳುವ ಹಿಟ್ಟುತಿಗಣೆಯನ್ನು ಕಂಡರೆ ಮೊದಲು ಇರುವೆಗಳ ಸಾಲನ್ನು ನೋಡಿರಿ. ತಿಗಣೆ ಸುರಿಸುವ ಸಿಹಿರಸಕ್ಕಾಗಿ ಇರುವೆಗಳು ಅದರ ಶತ್ರುಗಳನ್ನು ಓಡಿಸುತ್ತವೆ. ಇರುವೆಗಳನ್ನು ತಡೆದು, ಮುತ್ತಿದ ಚಿಗುರನ್ನು ಕತ್ತರಿಸಿ ಸುಟ್ಟರೆ ಗುಲಗಂಜಿ ಹುಳುಗಳು ಉಳಿದುದನ್ನು ತಿಂದು ಮುಗಿಸುವುವು.

ವಿದ್ಯಾರ್ಥಿಗಳು ಒಂದು ಕೆಲಸ ಮಾಡಬಹುದು. ಮೊದಲ ಮಳೆ ಬಿದ್ದ ದಿನ, ದುಂಬಿ ಎದ್ದ ಸಂಜೆ, ಪಾರ್ಥೇನಿಯಂ ಮೊದಲು ಹೂ ಬಿಟ್ಟ ದಿನ, ಈ ಮೂರನ್ನು ಪುಸ್ತಕದಲ್ಲಿ ಬರೆದಿಡಿರಿ. ಮೂರು ನಾಲ್ಕು ವರ್ಷ ಕಳೆಯಲಿ. ಯಾವ ವಾರ ಏನು ಮಾಡಬೇಕೆಂದು ನಿಮ್ಮ ಶಾಲೆಯ ಅಂಗಳವೇ ನಿಮಗೆ ತಿಳಿಸುವುದು.