ಭತ್ತದ ಪೈರು ಎಷ್ಟು ಎತ್ತರ ಇರಬೇಕು?



ಎದೆಯುದ್ದ ಬೆಳೆದ ಭತ್ತವನ್ನು ಕಂಡು ದಾರಿಹೋಕರು ಹೊಗಳಬಹುದು. ಆದರೆ ತೆನೆ ಬಲಿಯುವ ಹೊತ್ತಿಗೆ ಒಂದು ಗಾಳಿಮಳೆ ಹೊಡೆದರೆ ಅದೇ ಪೈರು ಚಾಪೆ ಹಾಸಿದಂತೆ ಮಲಗುತ್ತದೆ. ಮಲಗಿದ ಪೈರಿನಲ್ಲಿ ಜೊಳ್ಳು ಹೆಚ್ಚು, ನೀರು ತಾಗಿದ ತೆನೆ ಗದ್ದೆಯಲ್ಲೇ ಮೊಳೆಯುತ್ತದೆ, ಇಲಿಗಳಿಗೆ ಹಬ್ಬ. ಕೊಯ್ಲಿನ ಕೂಲಿಯೂ ಏರುತ್ತದೆ.

ಹಳೆಯ ಎತ್ತರದ ತಳಿಗಳ ತೊಡಕು ಇದೇ. ಯೂರಿಯಾ ಕೊಟ್ಟಷ್ಟೂ ಅವು ಕಾಳಿಗಿಂತ ದಂಟನ್ನೇ ಬೆಳೆಸಿ ಬೀಳುತ್ತಿದ್ದವು. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ 1962ರಲ್ಲಿ ಇಂಡೊನೇಷ್ಯಾದ ಎತ್ತರದ 'ಪೇಟ' ತಳಿಯನ್ನು ತೈವಾನಿನ ಗಿಡ್ಡ ತಳಿ 'ಡೀ-ಜಿಯೊ-ವೂ-ಜೆನ್' ಜೊತೆ ಸಂಕರಿಸಿದರು. ಅದರಿಂದ 1966ರಲ್ಲಿ ಹೊರಬಂದದ್ದೇ ಐ.ಆರ್.8. ನಮ್ಮ ದೇಶದ 'ಜಯ' 1968ರಲ್ಲಿ ಬಂದಿತು. ಅದರ ಗಿಡ್ಡತನ ತೈಚುಂಗ್ ನೇಟಿವ್-1 ತಳಿಯ ಬಳುವಳಿ. ಇವುಗಳಲ್ಲಿ ದಂಟನ್ನು ಉದ್ದ ಮಾಡುವ ಜಿಬ್ಬರೆಲಿನ್ ಎಂಬ ಚೋದಕ ಕಡಿಮೆ ತಯಾರಾಗುತ್ತದೆ. ಕಾರಣವಾದ ವಂಶವಾಹಿ ಯಾವುದೆಂದು ಗೊತ್ತಾದದ್ದು 2002ರಲ್ಲಿ. ಬೆಳೆದು ತಿಂದದ್ದು ಅದಕ್ಕೆ ಎಷ್ಟೋ ಮೊದಲೇ!

ಗಿಡ್ಡ ತಳಿ ಬೀಳುವುದೇ ಇಲ್ಲವೆಂದು ನಂಬಬೇಡಿ. ಒತ್ತಾಗಿ ನೆಟ್ಟರೆ ಬುಡಕ್ಕೆ ಬೆಳಕು ತಾಗದೆ ಕೆಳಗಿನ ಗೆಣ್ಣುಗಳ ನಡುವಿನ ಭಾಗ ಉದ್ದವಾಗಿ ಸೊರಗುತ್ತದೆ. ಆದುದರಿಂದ ಸಾಲಿಗೆ 20 ಸೆಂ.ಮೀ., ಗುಣಿಗೆ 10 ಸೆಂ.ಮೀ. ಅಂತರ ಕೊಡಿ. ಸಾರಜನಕದ ಅರ್ಧ ಭಾಗ ನಾಟಿಯಲ್ಲಿ, ಉಳಿದದ್ದನ್ನು ತೆಂಡೆಯೊಡೆಯುವಾಗ ಮತ್ತು ತೆನೆ ಮೂಡುವಾಗ ಎರಡು ಕಂತಿನಲ್ಲಿ ಹಾಕಿ. ಪೊಟ್ಯಾಷ್ ಬಿಡಬೇಡಿ, ದಂಟಿಗೆ ಗಟ್ಟಿತನ ಬರುವುದು ಅದರಿಂದ. ಪೈರು ವಾಲತೊಡಗಿದ್ದರೆ ನಾಲ್ಕೈದು ಗುಣಿಗಳನ್ನು ಸೇರಿಸಿ ಕಟ್ಟುವುದು ಹಳೆಯ ಉಪಾಯ. ಸಣ್ಣ ತಾಕಿಗೆ ಈಗಲೂ ಸರಿ.

"ಹಾಗಾದರೆ ದನಕ್ಕೆ ಹುಲ್ಲು?" ಎಂದು ನೀವು ಕೇಳುವುದು ನ್ಯಾಯವೇ. ಎತ್ತರದ ತಳಿಯ ಹುಲ್ಲು ಉದ್ದ. ಬಣವೆ ಒಟ್ಟಲೂ ಹದ. ಹಟ್ಟಿ ತುಂಬ ದನವಿದ್ದವರು ಒಂದು ತಾಕಿನಲ್ಲಿ ಅದನ್ನೇ ಇಟ್ಟುಕೊಳ್ಳಲಿ, ಆದರೆ ಗೊಬ್ಬರ ಹಿತಮಿತವಾಗಿರಲಿ. ನೀರು ನಿಲ್ಲುವಲ್ಲಂತೂ ಎತ್ತರವೇ ರಕ್ಷೆ. ಕುಮಟಾ ತಾಲ್ಲೂಕಿನ ಅಘನಾಶಿನಿ ಕಡೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ನುಗ್ಗಿದರೂ ತಲೆಯೆತ್ತಿ ನಿಲ್ಲುವುದು ಎತ್ತರದ 'ಕಗ್ಗ' ಭತ್ತ. ಅಲ್ಲಿಗೆ ಗಿಡ್ಡ ತಳಿ ಒಯ್ಯುವುದು ಬೀಜ ದಂಡ.

ಇನ್ನೊಂದು ಮಾತು. ಸಸಿಮಡಿಯಲ್ಲಿ ಕೆಲವು ಸಸಿಗಳು ಮಾತ್ರ ಉಳಿದವನ್ನು ಮೀರಿ, ತೆಳ್ಳಗೆ, ಬಿಳಿಚಿಕೊಂಡು ಎದ್ದರೆ ಹಿಗ್ಗಬೇಡಿ. ಅದು ಬೀಜದಿಂದ ಬರುವ ಶಿಲೀಂಧ್ರ ರೋಗ. ಆ ಶಿಲೀಂಧ್ರದ ಸ್ರಾವವೇ ಸಸಿಯನ್ನು ಉದ್ದ ಮಾಡುತ್ತದೆಂದು ಜಪಾನಿನ ಕುರೊಸಾವ 1926ರಲ್ಲಿ ತೋರಿಸಿದರು; ಜಿಬ್ಬರೆಲಿನ್ ಪತ್ತೆಯಾದದ್ದೂ ಅದರಿಂದಲೇ. ಅಂಥ ಸಸಿಗಳನ್ನು ಕಿತ್ತು ಸುಡಿ, ನಾಟಿಗೆ ಬಳಸಬೇಡಿ. ರೋಗ ಕಂಡ ಗದ್ದೆಯ ಭತ್ತವನ್ನು ಮುಂದಿನ ವರ್ಷದ ಬೀಜಕ್ಕೆ ತೆಗೆದಿಡಬೇಡಿ.