ದೂರು ಕೊಟ್ಟವನನ್ನೇ ಜೈಲಿಗೆ ಹಾಕಿದರೆ

ಸಿಗ್ನಲ್ಲಿನಲ್ಲಿ ನಿಂತರೆ ಕಾರು ಜ್ವರ ಬಂದವರ ಹಾಗೆ ನಡುಗುತ್ತದೆ. ಓಡುವಾಗ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ದೀಪ. ಗ್ಯಾರೇಜಿನ ಹುಡುಗ ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸುತ್ತಾನೆ. ಬಂದ ಕೋಡು ಪಿ0171. ‘ಆಕ್ಸಿಜನ್ ಸೆನ್ಸರ್ ಹೋಗಿದೆ ಸಾರ್, ಹೊಸದು ಹಾಕ್ಬೇಕು.’

ಕೋಡು ಹಾಗೆ ಹೇಳಿಯೇ ಇಲ್ಲ. ಅದು ಹೇಳಿದ್ದು ಗಾಳಿ ಹೆಚ್ಚಾಗಿದೆ, ಪೆಟ್ರೋಲ್ ಸಾಲುತ್ತಿಲ್ಲ ಎಂದಷ್ಟೆ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಹೊಗೆಯಲ್ಲಿ ಆಮ್ಲಜನಕ ಮಿಕ್ಕಿದರೆ ಸೆನ್ಸರ್ ದೂರುತ್ತದೆ. ಕಂಪ್ಯೂಟರ್ ಇಂಜೆಕ್ಟರುಗಳನ್ನು ಇನ್ನಷ್ಟು ಹೊತ್ತು ತೆರೆದಿಟ್ಟು ಪೆಟ್ರೋಲ್ ಸುರಿಯುತ್ತದೆ. ಸುರಿದೂ ಸುರಿದೂ ಮಿತಿ ಮುಟ್ಟಿದಾಗ ದೀಪ ಹಚ್ಚಿ ಕೈಚೆಲ್ಲುತ್ತದೆ. ಸೆನ್ಸರೂ ಕೆಡುವುದುಂಟು. ಆದರೆ ಪರೀಕ್ಷಿಸದೆ ಅದನ್ನೇ ಕಿತ್ತುಹಾಕುವುದು ದೂರು ಕೊಟ್ಟವನನ್ನು ಜೈಲಿಗೆ ತಳ್ಳಿದ ಹಾಗೆ.

ಹಳೇ ಮೇಸ್ತ್ರಿ ಬಾನೆಟ್ ಎತ್ತಿ ಮೊದಲು ಕಿವಿಗೊಡುತ್ತಾರೆ. ಎಲ್ಲೋ ಸಣ್ಣಗೆ ‘ಸ್ಸ್’ ಎನ್ನುತ್ತಿದೆ. ರಬ್ಬರ್ ಪೈಪುಗಳ ಮೇಲೆ ಕಾರ್ಬ್ಯುರೇಟರ್ ಕ್ಲೀನರ್ ಚಿಮುಕಿಸುತ್ತಾ ಹೋಗುತ್ತಾರೆ (ಬಿಸಿ ಎಂಜಿನ್ ಮೇಲೆ ಇದು ಬೆಂಕಿಯ ಜೊತೆ ಸರಸ, ನೀವು ಮಾಡಬೇಡಿ). ಒಂದು ಪೈಪಿನ ಬುಡಕ್ಕೆ ಬಂದಾಗ ಎಂಜಿನ್ನಿನ ದನಿ ತಟ್ಟನೆ ಬದಲಾಗುತ್ತದೆ. ಬಿರುಕು ಅಲ್ಲೇ. ಗಾಳಿ ಅಳೆಯುವ ಮೀಟರಿನ ಕಣ್ಣು ತಪ್ಪಿಸಿ, ಲೆಕ್ಕಕ್ಕೆ ಸಿಗದ ಗಾಳಿ ಹಿಂಬಾಗಿಲಿನಿಂದ ಒಳಸೇರುತ್ತಿತ್ತು. ಐಡ್ಲಿಂಗಿನಲ್ಲಿ ಥ್ರಾಟಲ್ ಬಹುಪಾಲು ಮುಚ್ಚಿರುವುದರಿಂದ ಎಂಜಿನ್ನಿನ ಹೀರುವಿಕೆ ಜೋರು, ಹಾಗಾಗಿ ನಡುಕ. ಆಕ್ಸಿಲರೇಟರ್ ಒತ್ತಿದರೆ ಮುಂಬಾಗಿಲಿನಿಂದಲೇ ಬೇಕಾದಷ್ಟು ಗಾಳಿ. ಕಳ್ಳಗಾಳಿ ಲೆಕ್ಕಕ್ಕೇ ಬರುವುದಿಲ್ಲ.

ತಮಾಷೆಯೆಂದರೆ ಇದೆಲ್ಲ ಸ್ಕ್ಯಾನರಿನಲ್ಲೂ ಇತ್ತು. ಕಂಪ್ಯೂಟರ್ ಎಷ್ಟು ಪೆಟ್ರೋಲ್ ಹೆಚ್ಚಿಸುತ್ತಿದೆ ಎಂಬುದು ಪರದೆಯ ಮೇಲೆ ಶೇಕಡಾವಾರಾಗಿ ಓಡುತ್ತಿರುತ್ತದೆ. ಐಡ್ಲಿಂಗಿನಲ್ಲಿ ಶೇ. 25 ಇದ್ದದ್ದು 2500 ಆರ್‌ಪಿಎಂನಲ್ಲಿ ಶೇ. 5ಕ್ಕೆ ಇಳಿದರೆ ಸಂಶಯ ಗಾಳಿ ಸೋರಿಕೆಯ ಮೇಲೆ. ವೇಗದೊಂದಿಗೆ ಏರುತ್ತಾ ಹೋದರೆ ಪೆಟ್ರೋಲ್ ಪಂಪ್ ಅಥವಾ ಫಿಲ್ಟರ್ ಮೇಲೆ. ಹುಡುಗ ಕೋಡು ಓದಿ ನಿಲ್ಲಿಸಿದ್ದ, ಅಷ್ಟೆ.

ಅಮೆರಿಕ 1996ರಲ್ಲಿ ಈ ಸಾಕೆಟ್ಟು, ಕೋಡುಗಳ ವ್ಯವಸ್ಥೆಯನ್ನು ಹೊಸ ಕಾರುಗಳಿಗೆ ಕಡ್ಡಾಯ ಮಾಡಿದ್ದು ಮುಖ್ಯವಾಗಿ ಹೊಗೆಯ ಮೇಲೆ ಕಣ್ಣಿಡಲಿಕ್ಕೆ. ಹಾಗಾಗಿ ಚಕ್ರದ ಬೇರಿಂಗ್ ಸವೆದು ಗುಂಯ್‌ಗುಡುತ್ತಿದ್ದರೂ ಸ್ಕ್ಯಾನರಿಗೆ ಸಾಮಾನ್ಯವಾಗಿ ಎಲ್ಲವೂ ಕ್ಷೇಮ. ಮೇಸ್ತ್ರಿ ಒಂದು ರೌಂಡ್ ಓಡಿಸಿ, ಸ್ಟಿಯರಿಂಗ್ ಎಡಕ್ಕೆ ಎಳೆಯುತ್ತಾರೆ. ಭಾರ ಬಲಕ್ಕೆ ವಾಲಿ ಸದ್ದು ಜೋರಾದರೆ, ಮೊದಲು ಬಿಚ್ಚುವುದು ಬಲಗಡೆಯ ಚಕ್ರ.